ಬಿಡ್ತು ಅನ್ನಮ್ಮ

ಇದನ್ನು ಬರೆಯಲು ಕೂತು ಎದ್ದದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಒಮ್ಮೆ ಮಂಡಿನೋವು ಅಂದೆ, ಒಮ್ಮೆ ಕಣ್ಣಿನ ಪೊರೆ ತೆಗೆಸಿದ ಮೇಲೆ ಅಂದೆ, ಆಮೇಲೆ ಇಂಥದ್ದು ನಮ್ಮ ಕನ್ನಡ ಸಂಘದ ಸಂಚಿಕೆಗೆ ಸರಿಹೋಗದು ಅಂದೆ. ಎಲ್ಲವೂ ನೆಪ. ಹೇಳಲು ಮುಖವಿರಲಿಲ್ಲ, ಅಷ್ಟೆ.

ಕಳೆದ ತಿಂಗಳು ಕಣ್ಣು ತೋರಿಸಲು ಡೊಂಬಿವಲಿಯಲ್ಲೇ ಒಂದು ಆಸ್ಪತ್ರೆಗೆ ಹೋಗಿದ್ದೆ. ಮಳೆ ಹಿಡಿದು ಮೂರು ದಿನವಾಗಿತ್ತು. ಬಾಗಿಲ ಬಳಿ ಒದ್ದೆ ಛತ್ರಿಗಳ ರಾಶಿ, ನೆಲಕ್ಕೆ ಹೊಡೆದ ಫಿನೈಲು. ಎರಡೂ ಬೆರೆತ ಆ ವಾಸನೆ ಮೂಗಿಗೆ ಬಡಿದ ಕೂಡಲೇ ನನ್ನ ಕಾಲು ಹೊಸ್ತಿಲಲ್ಲೇ ನಿಂತಿತು. ಒಳಗೆ ವಯಸ್ಸಾದವರಿಗೆಲ್ಲ ಒಂದು ಹಾಳೆ ತುಂಬಿಸುತ್ತಿದ್ದರು. ಚಿಕ್ಕ ಪ್ರಾಯದ ನರ್ಸ್ ಹುಡುಗಿ ಎದುರು ಕೂತು, "ಆಜೋಬಾ, ಝೋಪ್ ಲಾಗತೇ ಕಾ?" ಎಂದು ಶುರುಮಾಡಿದಳು. ಅಜ್ಜ, ನಿದ್ರೆ ಬರುತ್ತದೆಯೇ ಎಂದು. ಆಮೇಲೆ ಹಸಿವು, ದಣಿವು, ಮನಸ್ಸು. ಎಂಟು ಪ್ರಶ್ನೆ ಮುಗಿದ ಮೇಲೆ ಅವಳ ಕಣ್ಣು ಕೊನೆಯ ಸಾಲಿಗೆ ಹೋಯಿತು, ನನ್ನ ಬಿಳಿತಲೆಗೆ ಬಂತು, ಮತ್ತೆ ಹಾಳೆಗೆ ಇಳಿಯಿತು. ಏನೂ ಕೇಳದೆ ಒಂದು ಸೊನ್ನೆ ಸುತ್ತಿ, "ಝಾಲಂ ಆಜೋಬಾ," ಆಯಿತು ಅಜ್ಜ, ಎಂದು ನಕ್ಕಳು.

ನಾನು ಎದ್ದು ಬಂದೆ. ಆ ಸೊನ್ನೆ ನನಗೆ ಗೊತ್ತು. ಅದನ್ನು ಹಾಗೆಯೇ ಸುತ್ತಿದ ಕೈ ನನ್ನದು.

ನಾನು ಹೋಟೆಲಿನ ಗಲ್ಲೆಯಿಂದ ಎದ್ದ ಮರುವರ್ಷದ ಮಾತು. ನನ್ನ ಊರು ಕುಂದಾಪುರದ ಹತ್ತಿರ. ಎಸ್ಸೆಸ್ಸೆಲ್ಸಿ ಮುಗಿಸಿ ಡೊಂಬಿವಲಿಗೆ ಬಂದವನು ಒಂದೇ ಹೋಟೆಲಿನಲ್ಲಿ ಟೇಬಲ್ ಒರೆಸುವುದರಿಂದ ಗಲ್ಲೆಯವರೆಗೆ ಜೀವನ ಸವೆಸಿದೆ. ಕೆಲಸ ಬಿಟ್ಟ ಮೇಲೆ ಮನೆಯಲ್ಲಿ ಕೂತು ಗೋಡೆ ನೋಡುತ್ತಿದ್ದಾಗ ಸಂಘದವರೊಬ್ಬರು ಹೇಳಿದರು: ಕಲ್ಯಾಣದ ಒಂದು ಆಸ್ಪತ್ರೆಯಲ್ಲಿ, ಎಚ್‌ಐವಿ ಇರುವವರಿಗೆ ತಿಂಗಳ ಮಾತ್ರೆ ಕೊಡುವ ವಿಭಾಗದಲ್ಲಿ, ಅವರ ಮನಸ್ಸಿನ ಖಿನ್ನತೆ ಎಷ್ಟಿದೆ ಎಂದು ಅಳೆಯುತ್ತಿದ್ದಾರೆ. ಮರಾಠಿ, ಹಿಂದಿಗೆ ಜನ ಇದ್ದಾರೆ. ಕಲಬುರಗಿ, ವಿಜಯಪುರ, ರಾಯಚೂರಿನಿಂದ ದುಡಿಯಲು ಬಂದವರಿಗೆ ಕನ್ನಡದಲ್ಲಿ ಪ್ರಶ್ನೆ ಓದಿ ಹೇಳುವವರು ಬೇಕು.

ನನ್ನ ಹೆಂಡತಿ ಸುಶೀಲೆ ಕೇಳಿ ನಕ್ಕಳು. "ಹ್ವಾಯ್, ದುಃಖ ಅಳೆಯುಕೆ ಅದೆಂತ ಅಕ್ಕಿಯಾ, ಸೇರಂಗೆ ಹಾಕುಕೆ?"

ನನಗೂ ಹಾಗೇ ಅನಿಸಿತ್ತು. ಅಲ್ಲಿಯ ಡಾಕ್ಟರಮ್ಮ, ಮರಾಠಿಯಲ್ಲಿ ಎಲ್ಲರೂ ಕರೆಯುವ ಹಾಗೆ ಡಾಕ್ಟರ್ ಬಾಯಿ, ಠಾಣೆಯ ಕಡೆಯವರು, ಮೂವತ್ತರ ಆಸುಪಾಸು. ಮೊದಲ ದಿನ ಹಾಳೆಯೊಂದನ್ನು ನನ್ನ ಮುಂದಿಟ್ಟು ಮರಾಠಿಯಲ್ಲಿ ಹೇಳಿದ್ದನ್ನು ನಾನು ಮರೆತಿಲ್ಲ. "ಕಾಕಾ, ಜ್ವರಕ್ಕೆ ಥರ್ಮಾಮೀಟರ್ ಇದೆ. ದುಃಖಕ್ಕೆ ನಮ್ಮ ಹತ್ತಿರ ಇರುವುದು ಈ ಒಂಬತ್ತು ಪ್ರಶ್ನೆ ಮಾತ್ರ. ಥರ್ಮಾಮೀಟರನ್ನು ಅರ್ಧ ನಾಲಿಗೆಗೆ ಇಟ್ಟರೆ ಜ್ವರ ಗೊತ್ತಾಗುವುದಿಲ್ಲ. ಇದೂ ಹಾಗೆ. ಬರೆದದ್ದನ್ನು ಬರೆದ ಹಾಗೆ ಓದಿ. ಬುದ್ಧಿ ಹೇಳಬೇಡಿ. ಕೇಳಿ, ಕಾಯಿರಿ."

ಕಳೆದ ಎರಡು ವಾರದಲ್ಲಿ ಹೇಗಿತ್ತು ಎಂಬುದಕ್ಕೆ ನಾಲ್ಕು ಉತ್ತರ: ಇಲ್ಲವೇ ಇಲ್ಲ, ಕೆಲವು ದಿನ, ಬಹಳ ದಿನ, ದಿನಾಲೂ. ಸೊನ್ನೆಯಿಂದ ಮೂರರವರೆಗೆ ಅಂಕ. ಕೊನೆಗೆ ಕೂಡಬೇಕು. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದು. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಏನೇ ಬಂದರೂ ಆ ವ್ಯಕ್ತಿಯನ್ನು ಮನೆಗೆ ಕಳಿಸದೆ, ಅದೇ ಗಳಿಗೆ ಕಾರಿಡಾರಿನ ಕೊನೆಯಲ್ಲಿರುವ ಅವರ ಕೋಣೆಗೆ ಕರೆದುಕೊಂಡು ಹೋಗಬೇಕು. ಹೆಸರು ಎಲ್ಲೂ ಬರೆಯುವಂತಿಲ್ಲ, ಕರೆಯುವಂತಿಲ್ಲ. ನಂಬರು ಮಾತ್ರ.

ಮುಟ್ಟಿದರೆ, ಪಕ್ಕ ಕೂತರೆ ಈ ರೋಗ ಹರಡುವುದಿಲ್ಲವೆಂದು ಡಾಕ್ಟರ್ ಬಾಯಿ ಮೊದಲ ದಿನವೇ ಹೇಳಿದ್ದರು. ತಲೆ ಆಡಿಸಿದೆ. ಆದರೂ ಜೇಬಿನಲ್ಲಿ ಎರಡು ಪೆನ್ನು ಇಟ್ಟುಕೊಳ್ಳುತ್ತಿದ್ದೆ: ಕಪ್ಪು ನನಗೆ, ನೀಲಿ ಅವರು ಹೆಸರಿನ ಬದಲು ಒಪ್ಪಿಗೆಯ ಗೀಟು ಹಾಕಲು. ಕುರ್ಚಿಯನ್ನು ಮೊಳದಷ್ಟು ಹಿಂದೆ ಎಳೆದುಕೊಳ್ಳುತ್ತಿದ್ದೆ. ಯಾರೂ ಗಮನಿಸುವುದಿಲ್ಲ ಅಂದುಕೊಂಡಿದ್ದೆ.

ಜೂನ್ ಮಳೆ ಶುರುವಾಗಿತ್ತು. ಕೋಣೆಗೆ ಒಂದು ಹಸಿರು ಪರದೆ, ಒಂದು ಸ್ಟೀಲ್ ಕಪಾಟು, ಒಂದು ಕಿಟಕಿ. ಸಿಮೆಂಟ್ ಚೀಲ ಹೊರುವವರು, ಗಾರೆಯವರು, ಫ್ಯಾಕ್ಟರಿಯವರು ಒಬ್ಬೊಬ್ಬರೇ ಬಂದು ಎದುರು ಕೂರುತ್ತಿದ್ದರು. ನಾನು ಓದುತ್ತಿದ್ದೆ: ಮನಸ್ಸು ಕುಗ್ಗಿದ ಹಾಗೆ ಅನಿಸಿದೆಯೇ?

"ಆರಾಮ ಅದೀನ್ರಿ."

ಕೆಲಸದಲ್ಲಿ ಆಸಕ್ತಿ ಇಲ್ಲದ ಹಾಗೆ?

"ಎಲ್ಲಾ ಆರಾಮ ಅದರೀ ಕಾಕಾ."

ದಣಿವು ಎಂದು ಕೇಳಿದರೆ ವಿಜಯಪುರದ ಹಮಾಲನೊಬ್ಬ ಜೋರಾಗಿ ನಕ್ಕ. "ಐವತ್ತು ಕಿಲೋ ಚೀಲ ಹೊತ್ತು ಮಾಳಿಗಿ ಏರಿದ್ರ ದಣಿವಾಗದs ಮತ್ತೇನ್ ಆಗ್ತದ್ರಿ? ನೀವೊಂದ್ ಚೀಲ ಎತ್ರಿ, ನಾ ನಿಮಗ ಇದs ಪ್ರಶ್ನಿ ಕೇಳ್ತೀನಿ!"

ಹಸಿವು ಹೇಗಿದೆ ಅಂದರೆ, "ಹಸಿವಿ ಭಾಳ ಅದ, ಊಟ ಕಮ್ಮಿ ಅದ. ಎಲ್ಲಿ ಬರಕೋತೀರಿ ಬರಕೋರಿ."

ನಾನೂ ನಗುತ್ತಿದ್ದೆ. ಸೊನ್ನೆ, ಸೊನ್ನೆ, ಒಂದು, ಸೊನ್ನೆ. ಅವರ ಕಡೆ ಆರಾಮ ಅನ್ನುವುದು ಉತ್ತರವಲ್ಲ, ನಮಸ್ಕಾರ. ಎದುರಿನವ ಹಿರಿಯನಾಗಿದ್ದರೆ, ಕೈಯಲ್ಲಿ ಕಾಗದ ಹಿಡಿದಿದ್ದರೆ, ಹೆಣದ ಪಕ್ಕ ಕೂತವನೂ ಮೊದಲು ಆರಾಮ ಅಂದೇ ಆಮೇಲೆ ಅಳುತ್ತಾನೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ನಲವತ್ತು ವರ್ಷ ಹೋಟೆಲಿನಲ್ಲಿ ಅವರಿಗೆ ಚಹಾ ಕೊಟ್ಟವನು ನಾನು. ಕಾಯಬೇಕಿತ್ತು. ಕಾಯಲಿಲ್ಲ.

ಒಂಬತ್ತನೆಯದನ್ನು ನಾನು ಕೇಳುತ್ತಲೇ ಇರಲಿಲ್ಲ.

ನನ್ನ ತಾಯಿ ಸಾವಿನ ಮಾತು ಮನೆಯೊಳಗೆ ಬರಗೊಡುತ್ತಿರಲಿಲ್ಲ. ಚಿಕ್ಕವನಿದ್ದಾಗ ಸಿಟ್ಟಿನಲ್ಲಿ ಸತ್ತುಹೋಗುತ್ತೇನೆ ಅಂದರೆ ಓಡಿಬಂದು ಬಾಯಿಗೆ ಕೈಯಿಟ್ಟು, "ಬಿಡ್ತು ಅನ್ನು, ಬಿಡ್ತು ಅನ್ನು" ಎಂದು ಹೇಳಿಸುತ್ತಿದ್ದಳು. ಹೇಳುವವರೆಗೆ ಅನ್ನ ಬಡಿಸುತ್ತಿರಲಿಲ್ಲ. ಅಂಥ ಮನೆಯವನು ರೋಗ ಹೊತ್ತ ಮನುಷ್ಯನ ಮುಖ ನೋಡಿ, ನಿನಗೆ ಬದುಕು ಬೇಡ ಅನಿಸಿದೆಯಾ ಎಂದು ಹೇಗೆ ಕೇಳಲಿ? ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದ ಹಾಗೆ ಅನಿಸುತ್ತಿತ್ತು. ಅದಕ್ಕೆ ಎಂಟು ಕೇಳಿ, ಒಂಬತ್ತಕ್ಕೆ ದುಂಡಗೆ ಒಂದು ಸೊನ್ನೆ ಸುತ್ತಿ ಕಳಿಸುತ್ತಿದ್ದೆ.

ಮೂರು ವಾರವಾದ ಮೇಲೆ ಡಾಕ್ಟರ್ ಬಾಯಿ ನನ್ನ ಹಾಳೆಗಳನ್ನು ಮರಾಠಿ, ಹಿಂದಿ ಹಾಳೆಗಳ ಪಕ್ಕ ಇಟ್ಟು ನೋಡಿದರು. "ಕಾಕಾ, ನಿಮ್ಮ ಕನ್ನಡದವರೆಲ್ಲ ಇಷ್ಟು ಸುಖಿಗಳೇ?"

"ನಮ್ಮವರು ಗಟ್ಟಿ ಜನ, ಬಾಯಿ," ಅಂದೆ. ಹೆಮ್ಮೆಯಿಂದ ಅಂದೆ.

ಅದೇ ವಾರ ನಲವತ್ತೊಂದು ಬಂದಳು. ಅವಳ ಹೆಸರು ನನಗೆ ಆಗ ಗೊತ್ತಿರಲಿಲ್ಲ, ನಂಬರಿನಿಂದಲೇ ಹೇಳುತ್ತೇನೆ. ಎತ್ತರದ ಹೆಂಗಸು, ಮೂವತ್ತೈದು ಇದ್ದೀತು. ಕಲಬುರಗಿ ಕಡೆಯವಳು. ಎಡಗೈಯ ಕಿರುಬೆರಳು ಎಂದೋ ಮುರಿದು ಮಡಚಿಕೊಂಡೇ ಇತ್ತು. ಗಂಡ ಇದೇ ಕಾಯಿಲೆಯಲ್ಲಿ ಹಿಂದಿನ ವರ್ಷ ತೀರಿಕೊಂಡಿದ್ದ. ರಬಾಳೆಯಲ್ಲಿ ಕಂಪನಿಗಳ ಹಿಂದಿನ ಚಾಳಿನಲ್ಲಿ, ನೀರಿನ ಟಾಕಿಯ ಪಕ್ಕ ಒಬ್ಬಳೇ ಇದ್ದೇನೆಂದು ಅವಳೇ ಹೇಳಿದಳು. ಹತ್ತಿರದಲ್ಲೇ ಮಾತ್ರೆ ಸಿಗುತ್ತಿತ್ತು. ಗುರುತಿನವರು ಕಂಡಾರೆಂದು ರಬಾಳೆಯಿಂದ ಠಾಣೆ, ಠಾಣೆಯಿಂದ ಕಲ್ಯಾಣ, ಎರಡು ರೈಲು ಬದಲಿಸಿ ಬರುತ್ತಿದ್ದಳು.

ಅವಳು ಮೊದಲ ಪ್ರಶ್ನೆಗೆ ಆರಾಮ ಅನ್ನಲಿಲ್ಲ. ಹಾಳೆಯನ್ನೇ ನೋಡುತ್ತ ಕೇಳಿದಳು. "ಇದನ್ನ ಎಲ್ಲಾರಿಗೂ ಕೇಳ್ತೀರಿ?"

"ಹೌದು."

"ನನಗ ಯಾರೂ ಹಿಂಗ ಕೇಳಿಲ್ರಿ," ಅಂದಳು. ಪ್ರಶ್ನೆಯೊಂದೊಂದನ್ನೂ ತನ್ನ ಬಾಯಲ್ಲಿ ಮತ್ತೊಮ್ಮೆ ಹೇಳಿಕೊಂಡು, ಬೆರಳ ಗೆಣ್ಣು ಎಣಿಸಿ, ಯೋಚಿಸಿ ಉತ್ತರ ಕೊಟ್ಟಳು. ನನಗೆ ಹೊತ್ತಾಗುತ್ತಿತ್ತು. ಅವಳು "ಬ್ಯಾಸರಕಿ ಭಾಳ ದಿನಾ" ಅಂದದ್ದನ್ನು ಕೆಲಸದ ಆಯಾಸ ಎಂದುಕೊಂಡು ಒಂದಕ್ಕೆ ಇಳಿಸಿದೆ. "ಹೊಟ್ಟ್ಯಾಗ ಸಂಕಟ" ಅಂದದ್ದನ್ನು ಮಾತ್ರೆಯ ತೊಂದರೆ ಎಂದು ಬಿಟ್ಟೆ.

ಎಂಟು ಮುಗಿಯುವ ಹೊತ್ತಿಗೆ ಡಾಕ್ಟರ್ ಬಾಯಿ ಕಪಾಟಿನಿಂದ ಫೈಲು ತೆಗೆಯಲು ಒಳಗೆ ಬಂದರು. ಅವರಿಗೆ ಕನ್ನಡ ಬಾರದು, ಆದರೆ ಎಣಿಸಲು ಬರುತ್ತದಲ್ಲ. ಹಾಗಾಗಿ ಆ ಒಂದು ದಿನ ನಾನು ಒಂಬತ್ತನೆಯದನ್ನು ಓದಿದೆ. ಬದುಕಿರುವುದಕ್ಕಿಂತ ಇಲ್ಲದಿರುವುದೇ ಮೇಲು ಎಂಬ ಯೋಚನೆ ಬಂದಿದೆಯೇ? ಡಾಕ್ಟರ್ ಬಾಯಿ ಫೈಲು ಹಿಡಿದು ಹೊರಗೆ ಹೋದರು.

ನಲವತ್ತೊಂದು ತಲೆ ಎತ್ತಿದಳು. "ಹೂಂ ಕಾಕಾ. ಅದು... ಖರೇ ಹೇಳ್ತೀನಿ. ಒಂದೊಂದ್ ಸರ್ತಿ ಇದೆಲ್ಲಾ ಸಾಕು, ನಾ..."

"ಛೆ ಛೆ!" ನನ್ನ ಕೈ ತಾನಾಗಿಯೇ ಮೇಲೆ ಹೋಯಿತು. "ಅಂಥ ಮಾತಾಡಬಾರದು. ಬಿಡ್ತು ಅನ್ನಮ್ಮ. ಬಿಡ್ತು ಅನ್ನು!"

ಅವಳ ಬಾಯಿ ತೆರೆದೇ ಉಳಿಯಿತು. ಆಮೇಲೆ ಮುಚ್ಚಿತು. ಆ ಮಾತು ಅವರ ಮನೆಯಲ್ಲಿ ಇತ್ತೋ ಇಲ್ಲವೋ ನನಗೆ ತಿಳಿಯದು. ಹಿರಿಯ ಹೇಳಿದನಲ್ಲ. ತಲೆ ತಗ್ಗಿಸಿ, "ಬಿಡ್ತು" ಅಂದಳು.

ನಾನು ಸೊನ್ನೆ ಸುತ್ತಿದೆ. ನೀಲಿ ಪೆನ್ನು ಅವಳ ಕಡೆಗೆ ಸರಿಸಿದೆ. ಅವಳು ನನ್ನ ಜೇಬಿನ ಕಪ್ಪು ಪೆನ್ನನ್ನು ಒಂದು ಕ್ಷಣ ನೋಡಿ ಗೀಟು ಹಾಕಿದಳು. ಈಗ ಬರೆಯಲು ನಾಚಿಕೆಯಾಗುವುದು ಇದು: ಅವಳು ಹೋದ ಮೇಲೆ, ಒಬ್ಬಳಿಗೆ ಒಳ್ಳೆಯ ಮಾತು ಹೇಳಿದೆನೆಂಬ ಸಮಾಧಾನದಲ್ಲಿ ನಾನು ಚಹಾ ಕುಡಿಯಲು ಹೋದೆ.

ಜುಲೈಯಲ್ಲಿ ಮಳೆ ಹುಚ್ಚಾಯಿತು. ಉಲ್ಹಾಸ ನದಿ ಸೇತುವೆಯ ಕಂಬ ಏರುತ್ತಿತ್ತು. ಬದಲಾಪುರದ ಕಡೆಯ ರೈಲು ದಿನ ಬಿಟ್ಟು ದಿನ ನಿಲ್ಲುತ್ತಿತ್ತು. ಮಾತ್ರೆಗೆ ನಲವತ್ತೊಂದು ಬರಬೇಕಾದ ದಿನ ಕಾರಿಡಾರಿನಲ್ಲಿ ಅವಳ ನಂಬರು ಮೂರು ಸಲ ಕೂಗಿದರು. ಯಾರೂ ಏಳಲಿಲ್ಲ. ಮರುದಿನವೂ ಇಲ್ಲ. ನಾಲ್ಕನೆಯ ದಿನ ಸಿಸ್ಟರ್ ಹೇಳಿದರು: ಕೊಟ್ಟ ಫೋನ್ ನಂಬರು ಬೇರೆ ಯಾರದೋ, ಮನೆಗೆ ಹೋಗಿ ನೋಡುವವರು ನೀರು ಇಳಿದ ಮೇಲೆ, ಮುಂದಿನ ವಾರ ಹೋಗುತ್ತಾರೆ.

ಸಾಯಂಕಾಲ ಎಲ್ಲರೂ ಹೋದ ಮೇಲೆ ಕಪಾಟಿನಿಂದ ಅವಳ ಹಾಳೆ ತೆಗೆದೆ. ಒಟ್ಟು ಆರು. ಎಲ್ಲ ಅಂಕೆಗಳೂ ನನ್ನ ಚಂದದ ಅಕ್ಷರದಲ್ಲಿ. ಒಂಬತ್ತನೆಯ ಸೊನ್ನೆ ಎಲ್ಲಕ್ಕಿಂತ ದುಂಡಗೆ. ಅದನ್ನು ನೋಡುತ್ತ ನಿಂತಿದ್ದಾಗ ಅವಳ ತೆರೆದ ಬಾಯಿ ಕಣ್ಣಿಗೆ ಬಂತು. "ನಾ..." ಎಂದು ನಿಂತ ಆ ಮಾತು. 

ಡಾಕ್ಟರ್ ಬಾಯಿಗೆ ಹೇಳಬೇಕಿತ್ತು. ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ಸುಶೀಲೆಯ ಛತ್ರಿ ಹಿಡಿದು ಹೊರಟೆ. ಡೊಂಬಿವಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ರಬಾಳೆ. ಇಳಿದ ಮೇಲೆ ಹೊಳೆಯಿತು: ನನಗೆ ಅವಳ ಹೆಸರು ಗೊತ್ತಿಲ್ಲ. ಯಾಕೆ ಹುಡುಕುತ್ತಿದ್ದೇನೆಂದು ಹೇಳುವಂತಿಲ್ಲ. ಹೇಳಿದರೆ, ಬದುಕಿದ್ದವಳನ್ನು ನಾನೇ ಮುಗಿಸಿದ ಹಾಗೆ.

ನೀರಿನ ಟಾಕಿ ಸಿಕ್ಕಿತು. ಮೊಣಕಾಲವರೆಗೆ ಕೆಸರುನೀರು. ಅಷ್ಟು ಮಳೆಯಲ್ಲೂ ನಲ್ಲಿಯ ಮುಂದೆ ಹೆಂಗಸರ ಸಾಲು. ದಪ್ಪನೆಯ ಒಬ್ಬಳು ಕೊಡ ಕೆಳಗಿಟ್ಟು, "ಯಾರ್ ಬೇಕಾಗಿತ್ರಿ ಮುತ್ಯಾ?" ಅಂದಳು.

"ಎತ್ತರದ ಹೆಂಗಸು. ಕಲಬುರಗಿ ಕಡೆಯವಳು. ಎಡಗೈ ಕಿರುಬೆರಳು ಮಡಚಿದೆ."

"ಹೆಸರು?"

"ಗೊತ್ತಿಲ್ಲ."

"ಹೆಸರ ಗೊತ್ತಿಲ್ಲ, ಬೆರಳ ಗೊತ್ತದ!" ಅವಳು ಸಾಲಿನ ಕಡೆ ತಿರುಗಿದಳು. "ನೋಡ್ರೆ, ಮುತ್ಯಾ ಹೆಣ್ಣ ನೋಡ್ಲಾಕ ಬಂದಾನ!" ಎಲ್ಲರೂ ಕೊಡ ಬಡಿದು ನಕ್ಕರು.

"ರೈಲಿನಲ್ಲಿ ಛತ್ರಿ ಬಿಟ್ಟುಹೋಗಿದ್ದಳು. ಕೊಟ್ಟುಹೋಗುತ್ತೇನೆ," ಎಂದು ಸುಳ್ಳು ಹೇಳಿದೆ.

"ಈ ಛತ್ರಿ? ಹೂವಿಂದು? ಆಕಿ ಇಂಥಾದು ಯಾವಾಗ ತಗೊಂಡ್ಳವ್ವ? ಮಳ್ಯಾಗ ಪ್ಲಾಸ್ಟಿಕ್ ಹೊತಗೊಂಡ್ ತಿರಗತಾಳ." ಅವಳ ಕಣ್ಣು ಕಿರಿದಾಯಿತು. ಗಂಟಲೆತ್ತಿ ಒಂದು ಬಾಗಿಲಿನ ಕಡೆ ಕೂಗಿದಳು.

ಬಾಗಿಲು ತೆರೆಯಿತು. ಅವಳು ನಿಂತಿದ್ದಳು. ಕೆನ್ನೆ ಒಳಗೆ ಹೋಗಿತ್ತು, ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ನನ್ನನ್ನು ಕಂಡೊಡನೆ ಮುಖದ ರಕ್ತ ಇಳಿಯಿತು. ಆ ಹೆದರಿಕೆ ನನಗೆ ಅರ್ಥವಾಯಿತು: ಇವನು ಈಗ ಇಲ್ಲಿ, ಇವರೆಲ್ಲರ ಮುಂದೆ ಏನು ಹೇಳುತ್ತಾನೋ. ಅವಳ ಕಣ್ಣು ನನ್ನ ಕೈಯ ಛತ್ರಿಗೆ ಬಂತು. ಸಾಲಿನ ಹೆಂಗಸರ ಮೇಲೆ ಹಾಯಿತು. ಒಂದು ಉಸಿರಿನ ಹೊತ್ತು.

"ಹೌದ್ರಿ, ನಂದೇ," ಅಂದಳು. "ಮೊನ್ನಿ ಗಾಡ್ಯಾಗ ಮರ್ತಿದ್ದೆ. ಬರ್ರಿ ಕಾಕಾ, ಒಳಗ ಬರ್ರಿ. ತೊಯ್ಸಕೊಂಡೀರಿ. ಚಾ ಕುಡೀರಿ."

ಹತ್ತು ಅಡಿಯ ಕೋಣೆ. ಒಲೆಯ ಮೇಲೆ ಹಂಚು. ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟಳು. ನನ್ನ ಕೈ ಲೋಟದ ಹತ್ತಿರ ಹೋಗಿ ಅರೆಗಳಿಗೆ ತಡೆಯಿತು. ಅವಳು ನೋಡಿದಳು, ನೋಡಲಿಲ್ಲ ಎಂಬಂತೆ ರೊಟ್ಟಿ ತಿರುವಿದಳು. ನಾನು ಕುಡಿದೆ.

"ಮಾತ್ರೆಗೆ ಯಾಕೆ ಬರಲಿಲ್ಲ?" ಪಿಸುಗುಟ್ಟಿದೆ.

ಅವಳು ಹಿಟ್ಟಿನ ಡಬ್ಬಿಯೊಳಗೆ ಕೈ ಹಾಕಿ ಮಾತ್ರೆಯ ಬಾಟಲಿ ತೆಗೆದಳು. ಅಲ್ಲಾಡಿಸಿದಳು, ಸದ್ದಿಲ್ಲ. ಗಲಗಲ ಅನ್ನಬಾರದೆಂದು ಒಳಗೆ ಹತ್ತಿ ತುರುಕಿದ್ದಳು. ಹತ್ತಿ ಕಿತ್ತು ತೋರಿಸಿದಳು. ಮಾತ್ರೆಗಳು ಇನ್ನೂ ಉಳಿದಿದ್ದವು. "ನುಂಗೂದ್ ಬಿಟ್ಟು ಹತ್ತ್ ದಿನ ಆತ್ರಿ. ಯಾತಕ್ ನುಂಗಬೇಕು ಅನ್ನೂದೇ ತಿಳೀಲಿಲ್ಲ."

ಆಗ ನಾನು ಕಾದೆ. ಜೀವನದಲ್ಲಿ ಮೊದಲ ಬಾರಿ ಉತ್ತರಕ್ಕೆ ಕಾದೆ ಅಂದರೂ ಸರಿಯೇ. ತಗಡಿನ ಮೇಲೆ ಮಳೆ. ಹಂಚಿನ ಮೇಲೆ ರೊಟ್ಟಿ ಉಬ್ಬಿ ಇಳಿಯಿತು. ಹಾಳೆಯಲ್ಲಿದ್ದ ಮಾತು ಬಿಟ್ಟು, ಅವರ ಮಾತಿನಲ್ಲಿ ಕೇಳಿದೆ. "ಜೀವ ಬ್ಯಾಡ ಅನಿಸ್ತದೇನವ್ವ?"

"ಬಿಡ್ತು ಅಂದಿದ್ದೆನಲ್ರಿ ಕಾಕಾ," ಅಂದಳು. ಕೊಂಕು ಇರಲಿಲ್ಲ, ಅದನ್ನೇ ನಾನು ತಡೆಯಲಾರದಾದೆ. "ನಾ ಬಿಡ್ತು ಅಂದೆ. ಅದು ನನ್ನ ಬಿಡವಲ್ತು."

ಆಮೇಲೆ ಹೇಳಿದಳು. ಎಲ್ಲವನ್ನೂ ಇಲ್ಲಿ ಬರೆಯಲು ನನಗೆ ಹಕ್ಕಿಲ್ಲ. ಆದರೆ ಒಂದು ಸಂಗತಿ ಬರೆಯಲೇಬೇಕು, ಯಾಕೆಂದರೆ ಅದರ ಸೋಜಿಗ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅವಳು ಶಾಲೆ ಕಂಡದ್ದು ಮೂರೇ ವರ್ಷ. ಒಂದೇ ಸಲ ಕೇಳಿದ ಆ ಪ್ರಶ್ನೆಗಳು ಅವಳಿಗೆ ಬಾಯಿಪಾಠವಾಗಿದ್ದವು. ದಿನಾ ರೊಟ್ಟಿ ಬಡಿಯುವಾಗ ತನಗೆ ತಾನೇ ಕೇಳಿಕೊಳ್ಳುತ್ತಿದ್ದಳು. ಇವತ್ತು ಯಾವುದು? ಇಲ್ಲವೇ ಇಲ್ಲವೋ, ಕೆಲವು ದಿನವೋ, ಬಹಳ ದಿನವೋ? "ಎಂಟು ಕೇಳಕೊಂಡೆ ಅಂದ್ರ ಎದಿ ಒಂದೀಟು ಹಗರ ಆಗ್ತದ್ರಿ. ಒಂಬತ್ತನೇದಕ್ಕ ಬಂದ್ ನಿಲ್ತೀನಿ. ಅದನ್ನ ನನಗ ನಾನs ಕೇಳಕೊಳ್ಳಾಕ ಬರಂಗಿಲ್ಲ. ಅದನ್ನ ಬ್ಯಾರೇದವ್ರೇ ಕೇಳಬೇಕು."

ನಲ್ಲಿಯ ಕಡೆ ಗಲ್ಲ ಎತ್ತಿ ತೋರಿಸಿದಳು. "ಆಕಿಗೂ ಕೇಳ್ದೆ ಒಂದಿನ, ಆಟಾ ಮಾಡಿದಂಗ. ನಿಮಗ ನಕ್ಕಳಲ್ಲ, ಆಕಿಗಿ. ಆಕಿಗಿ ಯಾವ ಬ್ಯಾನೀನೂ ಇಲ್ಲ. ನನಕಿಂತ ಹೆಚ್ಚ ನಂಬರ್ ತಗೊಂಡ್ಳು ನೋಡ್ರಿ! ಸೆರಗು ಬಾಯಾಗ ಇಟ್ಕೊಂಡ್ ಅತ್ತಳು." ಹೇಳುತ್ತ ನಕ್ಕಳು. ಆ ಹೊತ್ತಿನಲ್ಲಿ, ಆ ಕೋಣೆಯಲ್ಲಿ, ಅವಳು ನಕ್ಕಳು.

 ಸಂಬಳಕ್ಕೆ ಓದಿದ ಹಾಳೆ ಅದು. ದುಃಖ ಅಳೆಯಲು ಅದೇನು ಅಕ್ಕಿಯೇ ಎಂದು ನಾವು ಗಂಡಹೆಂಡತಿ ನಕ್ಕ ಹಾಳೆ. ಸಾಯುವ ಯೋಚನೆಯನ್ನು ಒಂಟಿಯಾಗಿ ಹೊತ್ತವಳು ಅದೇ ಹಾಳೆಯಿಂದ ಪಕ್ಕದವಳ ಎದೆಯ ಬಾಗಿಲು ತಟ್ಟಿದ್ದಳು.

ಸ್ಟೇಷನ್ನಿನವರೆಗೆ ಬಿಡಲು ಬಂದಳು, ಸುಶೀಲೆಯ ಛತ್ರಿ ಹಿಡಿದು. ದಾರಿಯಲ್ಲಿ ಅಂದಳು. "ಅಲ್ಲಿ ನಲವತ್ತೊಂದು ನಲವತ್ತೊಂದು ಅಂತ ಒದರತೀರಿ. ನನಗೊಂದು ಹೆಸರದರೀ ಕಾಕಾ." ಹೆಸರು ಹೇಳಿದಳು. "ಹೆಸರು ಹಿಡದು ಕರೀರಿ, ಯಾರ ಮುಂದ ಕರದ್ರೂ ನಡೀತದ. ನಮ್ಮ ಕಡಿ ಓಣಿಗೆ ನಾಕ್ ಮಂದಿ ಅದಾರ ಈ ಹೆಸರಿನಾಕಿ. ಯಾರಿಗಿ ಗುರ್ತ ಹತ್ತತದ?"

"ಅಲ್ಲಿ ಹಾಗೆ ಕರೆಯುವಂತಿಲ್ಲ," ಅಂದೆ.

"ನಾಳಿ ಬಾ" ಎಂದು ಮಾತು ತೆಗೆದುಕೊಂಡೆ. ಬಂದಳು. ಡಾಕ್ಟರ್ ಬಾಯಿಯ ಕೋಣೆಗೆ ನಾನೇ ಕರೆದೊಯ್ದೆ. ಅವಳು ಕನ್ನಡದಲ್ಲಿ ಹೇಳಿದ್ದನ್ನು ಮರಾಠಿಯಲ್ಲಿ ಹೇಳಿದೆ. ಹೊಸ ಹಾಳೆ ತುಂಬಿದೆವು. ಒಂದು ಪದವೂ ಬಿಡದೆ ಕೇಳಿ, ಅವಳು ಹೇಳಿದ್ದನ್ನೇ ಬರೆದೆ. ಒಟ್ಟು ಇಪ್ಪತ್ತು.

ಡಾಕ್ಟರ್ ಬಾಯಿ ಹಳೆಯ ಹಾಳೆ ಪಕ್ಕಕ್ಕಿಟ್ಟರು. "ಆಗ ಆರು. ಒಂಬತ್ತಕ್ಕೆ ಸೊನ್ನೆ. ಕಾಕಾ, ಆಗ ಕೇಳಿದ್ದಿರಾ?"

ಅದೊಂದು ಗಳಿಗೆ. ನಿಜ ಹೇಳಲು ಬಾಗಿಲು ತೆರೆದೇ ಇತ್ತು. ನಾನು ಹೇಳಿದೆ: "ಕೇಳಿದ್ದೆ. ಆಗ ಇಲ್ಲ ಅಂದಿದ್ದಳು."

ಡಾಕ್ಟರ್ ಬಾಯಿ ಗದರಿಸಲಿಲ್ಲ. ಮೃದುವಾಗಿಯೇ, ಹಿಂದಿಯಲ್ಲಿ ಅವಳನ್ನು ಕೇಳಿದರು. "ತಬ್ ಕ್ಯೋಂ ಛುಪಾಯಾ?" ಆಗ ಯಾಕೆ ಮುಚ್ಚಿಟ್ಟೆ?

ಅವಳಿಗೆ ಹಿಂದಿ ಬರುತ್ತಿತ್ತು. ನನ್ನ ಮರಾಠಿಯೂ ಅರ್ಥವಾಗಿತ್ತು. ಹದಿನೈದು ವರ್ಷದಿಂದ ಇಲ್ಲಿದ್ದವಳು. ನನ್ನ ಮುಖ ನೋಡಿದಳು, ಜೇಬಿನ ಎರಡು ಪೆನ್ನು ನೋಡಿದಳು. ರಬಾಳೆಯ ಬಾಗಿಲಲ್ಲಿ ತೆಗೆದುಕೊಂಡಷ್ಟೇ ಹೊತ್ತು, ಒಂದು ಉಸಿರು.

"ಗಲತಿ ಹೋ ಗಯಾ ಬಾಯಿ," ತಪ್ಪಾಯಿತು ಬಾಯಿ, ಅಂದಳು.

ಡಾಕ್ಟರ್ ಬಾಯಿ ಹಾಳೆಯ ಅಂಚಿನಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದರು. ನನ್ನ ಹೈಸ್ಕೂಲ್ ಇಂಗ್ಲಿಷ್ ಅಷ್ಟನ್ನು ಓದಲು ಸಾಕು: ಮೊದಲ ಭೇಟಿಯಲ್ಲಿ ಈಕೆ ವಿಷಯ ಮುಚ್ಚಿಟ್ಟಿದ್ದಳು. ಆ ಸಾಲು ಅಲ್ಲೇ ಉಳಿಯಿತು.

ಆ ಮಳೆಗಾಲದ ಉಳಿದ ದಿನಗಳನ್ನು ನಾನು ಬೇರೆ ಮನುಷ್ಯನಂತೆ ಕಳೆದೆ. ಕಪ್ಪು ಪೆನ್ನು ಮನೆಯಲ್ಲಿ ಬಿಟ್ಟೆ. ನಮ್ಮವರು ಆರಾಮ ಅಂದರೆ ಅದು ಉತ್ತರವಲ್ಲವೆಂದು ಡಾಕ್ಟರ್ ಬಾಯಿಗೆ ಹೇಳಿದೆ. ಅವರು ನನ್ನನ್ನು ಕೂರಿಸಿಕೊಂಡು ಹಾಳೆಯ ಮಾತುಗಳನ್ನು ಒಂದೊಂದಾಗಿ ಆ ಕಡೆಯವರ ಮಾತಿಗೆ ತಿದ್ದಿದರು. ಮಾತ್ರೆಗೆ ಬಂದವರನ್ನೆಲ್ಲ ಮತ್ತೆ ಕೇಳಿದೆ, ಒಂಬತ್ತನ್ನೂ. ಆರಾಮ ಅಂದ ಮೇಲೆ ಬಾಯಿ ಮುಚ್ಚಿ ಕಾದೆ. ಚೀಲ ಎತ್ತು ಎಂದು ನನ್ನನ್ನು ಹಾಸ್ಯ ಮಾಡಿದ ಹಮಾಲ ಎರಡು ನಿಮಿಷ ಕಿಟಕಿ ನೋಡಿದ, ಆಮೇಲೆ, "ದಣಿವು ಮೈಯಾಗಿಲ್ರಿ, ಕಾಕಾ," ಅಂದ. ಅಷ್ಟು ದೊಡ್ಡ ಆಳು, ಆ ದನಿ ಎಲ್ಲಿಂದ ಬಂತೋ. ಸೊನ್ನೆಗಳ ಹಿಂದೆ ನಿಂತಿದ್ದ ಮನುಷ್ಯರು ಒಬ್ಬೊಬ್ಬರಾಗಿ ಈಚೆ ಬಂದರು. ಇಷ್ಟನ್ನು ಹೊತ್ತು ಇವರು ರೈಲು ಹತ್ತುತ್ತಾರೆ, ಗಾರೆ ಕಲಸುತ್ತಾರೆ, ನಗುತ್ತಾರೆ! ನನಗೆ ಕೆಲವು ಸಾಯಂಕಾಲ ಗುಡಿಯಿಂದ ಹೊರಬಂದ ಹಾಗೆ ಅನಿಸುತ್ತಿತ್ತು.

ಆದರೆ ಅದಕ್ಕೆ ಮೊದಲಿನ ವಾರಗಳ ಸೊನ್ನೆಗಳು ನನ್ನವೆಂದು ಯಾರಿಗೂ ಹೇಳಲಿಲ್ಲ. ಆಗ ಬಂದವರಲ್ಲಿ ಮತ್ತೆ ಬಾರದವರೂ ಇದ್ದರು. ಅವರು ಎಲ್ಲಿ ಹೋದರೋ ನನಗೆ ಗೊತ್ತಿಲ್ಲ. ಅದು ನನ್ನ ಜೊತೆಗೇ ಹೋಗುತ್ತದೆ.

ನಲವತ್ತೊಂದು ನಂಬರಿನವಳು ತಿಂಗಳು ತಪ್ಪದೆ ಬಂದಳು. ಇಪ್ಪತ್ತು ಹದಿನಾಲ್ಕಾಯಿತು, ಹತ್ತಾಯಿತು. ಮಳೆ ನಿಂತ ಮೇಲೆ ಸೇತುವೆಯ ಕಂಬದಿಂದ ನದಿ ಇಳಿಯುವ ಹಾಗೆ ಆ ಅಂಕೆ ಇಳಿಯಿತು. ಡಾಕ್ಟರ್ ಬಾಯಿಯ ಮಾತು, ಹೊಸದೊಂದು ಮಾತ್ರೆ, ನಲ್ಲಿಯ ಸಾಲಿನ ಆ ಗೆಳತಿ. ಯಾವುದು ಎಷ್ಟು ಕೆಲಸ ಮಾಡಿತೋ. ದಸರೆಯ ನಂತರ ನನ್ನ ಕೆಲಸದ ಕೊನೆಯ ದಿನ ಅವಳ ಒಟ್ಟು ಐದು. ಒಂಬತ್ತಕ್ಕೆ ಸೊನ್ನೆ. ಅದನ್ನು ಅವಳೇ ಹೇಳಿದಳು, ನಾನು ಪೂರ್ತಿ ಕೇಳಿದ ಮೇಲೆ. ಅದೊಂದು ಸೊನ್ನೆ ನನ್ನ ಬಾಳಿನಲ್ಲಿ ನಾನು ಬರೆದ ಅತ್ಯಂತ ಬೆಲೆಯ ಅಂಕೆ.

ಎದ್ದು ನಿಂತು ಛತ್ರಿ ಚಾಚಿದಳು. "ಅಕ್ಕಾರಿಗಿ ಕೊಡ್ರಿ. ಬೈದಿರಬೇಕು ನಿಮಗ."

ಸುಶೀಲೆ ಬೈದಿದ್ದಳು. ರೈಲಿನಲ್ಲಿ ಮರೆತೆ ಅಂದಿದ್ದೆ. "ನೀನೇ ಇಟ್ಟುಕೋ," ಅಂದೆ.

ಅವಳು ಹೋಗಲಿಲ್ಲ. ನನಗೆ ಹೇಳಲು ಒಂದು ಮಾತು ಬಾಕಿ ಇದೆಯೆಂದು ಅವಳಿಗೆ ಗೊತ್ತಿತ್ತು ಅಂತ ನನಗೆ ಗೊತ್ತು. ನನ್ನ ನಾಲಿಗೆಯ ತುದಿಯಲ್ಲಿ ಅದು ಇತ್ತು: ಎರಡು ಸಲ ಸುಳ್ಳು ಹೇಳಿದೆ ನೀನು, ಎರಡೂ ಸಲ ನನ್ನ ಮಾನ ಕಾಯಲು, ತಪ್ಪು ನನ್ನದು, ತಾಯಿ. ಅವಳು ಕಾಯುತ್ತಿದ್ದಳು. ಡಾಕ್ಟರ್ ಬಾಯಿ ನನಗೆ ಕಲಿಸಿದ ಹಾಗೆ, ಕೇಳಿ ಮುಗಿಸಿ ಕಾಯುವವಳ ಹಾಗೆ.

ನಾನು ಅಂದದ್ದು ಇಷ್ಟು. "ಮೋಡ ಆಗಿದೆ. ಬೇಗ ಹೋಗಮ್ಮ, ಗಾಡಿ ತಪ್ಪುತ್ತದೆ."

ಮರುವರ್ಷ ಆ ವಿಭಾಗದಲ್ಲಿ ವಿಚಾರಿಸಿದೆ. ಊರ ಕಡೆಯ ಆಸ್ಪತ್ರೆಗೆ ತನ್ನ ಕಾಗದ ಬದಲಿಸಿಕೊಂಡು ಹೋದಳು ಅಂದರು. ಡಾಕ್ಟರ್ ಬಾಯಿಯೂ ಬೇರೆ ಕಡೆ ಹೋಗಿದ್ದರು. ಆ ಹಾಳೆ, ಅಂಚಿನ ಆ ಸಾಲು ಯಾವ ಕಪಾಟಿನಲ್ಲಿದೆಯೋ.

ಬರುವ ಸೋಮವಾರ ಕಣ್ಣಿನ ಆಸ್ಪತ್ರೆಗೆ ಮತ್ತೆ ಹೋಗಬೇಕು. ಆ ನರ್ಸ್ ಹುಡುಗಿಗೆ ಹೇಳುತ್ತೇನೆ, ಒಂಬತ್ತನೆಯದು ನೀನು ಕೇಳಲಿಲ್ಲ ಮಗಳೇ, ಕೇಳು ಎಂದು. ಕೇಳಿದರೆ ನಿಜ ಹೇಳುತ್ತೇನೆ. ನನ್ನ ಉತ್ತರ ಸೊನ್ನೆಯಲ್ಲ, ಕೆಲವು ದಿನ.

ಅದಕ್ಕೆ ಮೊದಲು ಇದೊಂದು ಕೆಲಸ. ಮುಚ್ಚಿಟ್ಟವನು ನಾನು. ಇಲ್ಲ ಅಂದವಳು ಅವಳಲ್ಲ. ಕಾರಿಡಾರಿನ ತುಂಬ ನಂಬರಿನಿಂದ ಕೂಗಿದವಳನ್ನು, ಅವಳು ಕೇಳಿಕೊಂಡ ಹಾಗೆ, ಈಗ ಎಲ್ಲರ ಮುಂದೆ ಹೆಸರು ಹಿಡಿದು ಕರೆಯುತ್ತೇನೆ. ಓಣಿಗೆ ನಾಲ್ಕು ಮಂದಿ ಇದ್ದಾರಂತೆ ಆ ಹೆಸರಿನವರು. ಯಾರಿಗೂ ಗುರುತು ಹತ್ತದಿರಲಿ, ಅವಳೊಬ್ಬಳಿಗೆ ಹತ್ತಲಿ.

ಸಾಬಮ್ಮ.